ದಿಕ್ಸೂಚಿಯ ಕೆಳಗೆ ರೊಟ್ಟಿ ಹಂಚು

ನಮ್ಮ ಮನೆಯವರು ನೌಕಾದಳದ ಹಡಗಿನಲ್ಲಿ ಅಡುಗೆಯವರಾಗಿದ್ದರು. ಗದಗಿನ ಕಡೆಯ, ಬೇಸಿಗೆ ಬಂತೆಂದರೆ ಬಾವಿಯ ತಳ ಕಾಣುವ ಊರಿನಲ್ಲಿ ಹುಟ್ಟಿದವರು ಸಮುದ್ರಕ್ಕೆ ಹೇಗೆ ಹೋದರು ಎಂದು ಯಾರಾದರೂ ಕೇಳಿದರೆ, "ಹಡಗಿನ್ಯಾಗೂ ಮಂದಿಗೆ ಹಸಿವ ಆಗತೈತಿ" ಎಂದಷ್ಟೇ ಹೇಳುತ್ತಿದ್ದರು. ಮದುವೆಯಾದ ಮೇಲೆ ನಾನು ಅವರ ಜೊತೆ ಮುಂಬೈಗೆ ಹೋದೆ. ಸಾಲು ಕ್ವಾರ್ಟರ್ಸ್. ಒಂದು ಕೋಣೆ, ಒಂದು ಅಡುಗೆಮನೆ, ಎಂಟು ಮನೆಗಳಿಗೆ ಸೇರಿ ಒಂದು ನಳ. ನಮ್ಮ ಮನೆಯ ಒಂದೇ ದೊಡ್ಡಸ್ತಿಕೆ ಎಂದರೆ ರೇಡಿಯೋ.

ಹಡಗು ದಡದಲ್ಲಿರುವ ವಾರಗಳಲ್ಲಿ ಅವರು ಸಂಜೆ ಆ ರೇಡಿಯೋದ ಕಿವಿ ಹಿಂಡಿ ಲಂಡನ್ ಹಿಡಿಯುತ್ತಿದ್ದರು. ಅದರಲ್ಲಿ ಒಂದು ನಗೆನಾಟಕ ಬರುತ್ತಿತ್ತು. ಇಂಗ್ಲೆಂಡಿನ ನೌಕಾದಳದ ಒಂದು ಸಣ್ಣ ಹಡಗು, ಅದರಲ್ಲಿ ಒಂದು ಕೆಲಸವನ್ನೂ ನೆಟ್ಟಗೆ ಮಾಡಲಾರದ ಸಿಬ್ಬಂದಿ. ವಾರಕ್ಕೊಮ್ಮೆ ಏನಾದರೊಂದಕ್ಕೆ ಹೋಗಿ ಗುದ್ದುವುದು, ಮೇಲಧಿಕಾರಿ ಕೂಗಾಡುವುದು, ಇವರು ಹೇಗೋ ಪಾರಾಗುವುದು. ಇಷ್ಟೇ ಕಥೆ. ನಾನು ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವಳು. ಅವರ ಇಂಗ್ಲಿಷಿನಲ್ಲಿ ನನಗೆ ತಿಳಿಯುತ್ತಿದ್ದದ್ದು ನಗು ಮಾತ್ರ. ಅಲ್ಲಿ ಲಂಡನ್ನಿನಲ್ಲಿ ಎದುರಿಗೆ ಕೂತು ಕೇಳುವ ಜನ ಜೋರಾಗಿ ನಗುತ್ತಿದ್ದರು. ಅವರು ನಕ್ಕಾಗ ಇವರೂ ನಗುತ್ತಿದ್ದರು. ಮುಗಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ಕೂತು, ನಾನು ರೊಟ್ಟಿ ಬಡಿಯುತ್ತಿರುವಾಗ, ಆ ದಿನದ ಕಥೆಯನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

ಹೇಳುವಾಗ ಒಂದು ತುಂಟತನ ಮಾಡಿದ್ದರು. ಹಡಗನ್ನು ಹೋದಲ್ಲೆಲ್ಲ ಗುದ್ದಿಸುವ ಆ ಚುಕ್ಕಾಣಿಯವನಿಗೆ ತಮ್ಮದೇ ಹೆಸರು ಇಟ್ಟಿದ್ದರು.

"ಇಂಗ್ಲೆಂಡಿನವರ ಹೆಸರು ನಿನಗ ನೆನಪ ಉಳಿಯೂದಿಲ್ಲ, ಅದಕ್ಕ" ಎಂದು ಮುಖ ಗಂಭೀರ ಮಾಡಿಕೊಂಡು ಹೇಳಿದರು.

ಕಾರಣ ಅದಲ್ಲವೆಂದು ನನಗೂ ಗೊತ್ತಿತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲೋ ತೊಟ್ಟಿಲು ಕಾರ್ಯದಲ್ಲೋ ಹೆಂಗಸರೆಲ್ಲ ಸುತ್ತುಗಟ್ಟಿ ನಿಂತು ಹೇಳು ಹೇಳು ಎಂದು ಕಾಡಿದಾಗ ಮಾತ್ರ, ಎರಡು ಮೂರು ಪ್ರಾಸದ ಸಾಲು ಕಟ್ಟಿ, ಕೊನೆಯಲ್ಲಿ ಆ ಹೆಸರನ್ನು ಸಿಕ್ಕಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ನನ್ನ ಮದುವೆಯ ದಿನ ಹೊಸ್ತಿಲಲ್ಲಿ ನನ್ನನ್ನೂ ತಡೆದು ನಿಲ್ಲಿಸಿದ್ದರು. ಅವ್ವ ಕಲಿಸಿದ್ದ ಸಾಲುಗಳನ್ನು ಹೇಗೋ ಹೇಳಿದೆ. ಹೆಸರು ಮಾತ್ರ ಬರಲೇ ಇಲ್ಲ. ಪಾಪ ಎನಿಸಿ ನಾದಿನಿಯೇ ನನ್ನ ಬದಲು ಹೇಳಿ ಒಳಗೆ ಬಿಟ್ಟಳು. ಅದನ್ನು ಅವರು ಕಡೆಯವರೆಗೂ ಬಿಡಲಿಲ್ಲ. "ನನ್ನ ಹೆಸರ ನನ್ನ ಹೆಂಡತಿ ಬಾಯಾಗ ಹೆಂಗ ಕೇಳಸತೈತಿ ಅಂತ ಗೊತ್ತಾಗದs ಹೊಂಟೀನಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಸಾಲಿನಲ್ಲಿ ನಮ್ಮ ಕಡೆಯ ಮನೆಗಳು ನಾಲ್ಕು. ಮರುದಿನ ಬೆಳಿಗ್ಗೆ ನಳದ ಹತ್ತಿರ ಆ ಹೆಂಗಸರು ಕೊಡ ಬದಿಗಿಟ್ಟು ನನ್ನನ್ನು ಹಿಡಿಯುತ್ತಿದ್ದರು.

"ಈ ವಾರ ಹಡಗ ಎಲ್ಲಿ ಹೋಗಿ ಗುದ್ದಿತವ್ವಾ?"

"ಬಂದರದ ಧಕ್ಕಿಗೆ."

"ಯಾರು ಗುದ್ದಿಸಿದ್ರು?"

"ಅವರು."

"ಅವರಂದ್ರ ಯಾರವರು?"

"ಅವರs!"

ಆ ಹೆಂಗಸರಿಗೆ ಕಥೆಗಿಂತ ಇದೇ ರುಚಿ. ನಾನು ಅರ್ಧ ತುಂಬಿದ ಕೊಡ ಎತ್ತಿಕೊಂಡು ಓಡಿಬರುತ್ತಿದ್ದೆ.

ಇದೆಲ್ಲ ಹಳೆಯ ಮಾತು. ನಮ್ಮವರು ತೀರಿಹೋಗಿ ಎರಡು ವರ್ಷ ಆಗಿತ್ತು, ನಾನು ಆರು ತಿಂಗಳು ಇದ್ದು ಹೋಗೋಣವೆಂದು ಸಮುದ್ರ ದಾಟಿ ಪರದೇಶದ ರಾಕ್‌ವಿಲ್‌ಗೆ ಮಗಳ ಮನೆಗೆ ಬಂದೆ. ಅದು 2020ರ ಫೆಬ್ರವರಿ. ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಮಗಳದು ಲ್ಯಾಬಿನ ಕೆಲಸ, ಅವಳು ಮಾಸ್ಕ್ ಕಟ್ಟಿಕೊಂಡು ದಿನಾ ಹೋಗುತ್ತಿದ್ದಳು. ಅಳಿಯ ಬೇಸ್‌ಮೆಂಟಿನಲ್ಲಿ ಕೂತರೆ ಊಟಕ್ಕೇ ಮೇಲೆ ಬರುವುದು. ಹಾಲಿನಲ್ಲಿ ನಾನು ಮತ್ತು ಹತ್ತು ವರ್ಷದ ಮೊಮ್ಮಗಳು. ಅವಳ ಶಾಲೆ ಲ್ಯಾಪ್‌ಟಾಪಿನೊಳಗೆ. ಅವಳು ನನ್ನ ಜೊತೆ ಕನ್ನಡ ಮಾತಾಡುತ್ತಿದ್ದಳು, ಆದರೆ ನಮ್ಮಿಬ್ಬರ ನಡುವೆ ಊಟ ಆಯ್ತಾ, ಚಳಿ ಆಗ್ತಿದೆಯಾ ಎನ್ನುವುದಕ್ಕಿಂತ ಮುಂದೆ ಮಾತೇ ಇರಲಿಲ್ಲ. ತಪ್ಪು ನನ್ನದು. ಎದುರಿಗೆ ಇಬ್ಬರು ಕೂತರೆ ನನಗೆ ಮಾತು ಹೊರಡುವುದಿಲ್ಲ. ಮೊಮ್ಮಕ್ಕಳಾದರೂ ಅಷ್ಟೇ.

ಒಂದು ಮಧ್ಯಾಹ್ನ ಅವಳೇ ಕೇಳಿದಳು. "ಅಜ್ಜಿ, ಅಜ್ಜ ತುಂಬಾ ಫನ್ನಿ ಇದ್ರು ಅಂತ ಅಮ್ಮ ಹೇಳ್ತಾಳೆ. ಹೇಗೆ ಫನ್ನಿ?"

ಏನು ಹೇಳಬೇಕೋ ತಿಳಿಯದೆ ರೇಡಿಯೋ ಹಡಗಿನ ವಿಷಯ ಹೇಳಿದೆ. ಎರಡೇ ನಿಮಿಷದಲ್ಲಿ ಅವಳು ಆ ಹಳೆಯ ನಾಟಕವನ್ನು ಎಲ್ಲಿಂದಲೋ ಹುಡುಕಿ ತೆಗೆದಳು. ಸ್ಪೀಕರಿನಿಂದ ಅದೇ ನಗು ಬಂತು. ಅದೇ ಜನ, ಅದೇ ಜೋರು. ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ಬಿಟ್ಟು ಕೂತುಬಿಟ್ಟೆ. ಆಮೇಲೆ ದಿನಕ್ಕೊಂದು ಕೇಳುವುದು ರೂಢಿಯಾಯಿತು. ಅವಳು ನಡುನಡುವೆ ನಿಲ್ಲಿಸಿ, ತನ್ನ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದಳು. ನಾನು ಒಂದು ಕಥೆಗಾಗಿ ಕಾಯುತ್ತಿದ್ದೆ. ಹದಿನೈದು ದಿನವಾದರೂ ಅದು ಬರಲಿಲ್ಲ.

"ಯಾವುದು ಬೇಕು ಹೇಳು ಅಜ್ಜಿ, ನಾನು ಸರ್ಚ್ ಮಾಡ್ತೀನಿ."

ಹೇಳಿದೆ. ಹಡಗು ಪರದೇಶಕ್ಕೆ ಹೊರಟಿದೆ. ಚುಕ್ಕಾಣಿಯವರಿಗೆ ಹೆಂಡತಿ ರೊಟ್ಟಿ ಬುತ್ತಿ ಕಟ್ಟಿಕೊಟ್ಟಿದ್ದಾಳೆ. ಬಿಸಿ ಮಾಡಿಕೊಳ್ಳಲಿ ಎಂದು ಕಬ್ಬಿಣದ ಹಂಚನ್ನೂ ಅದರಲ್ಲೇ ಇಟ್ಟಿದ್ದಾಳೆ. ಅವರು ಗಂಟನ್ನು ದಿಕ್ಸೂಚಿಯ ಕೆಳಗೆ ಇಡುತ್ತಾರೆ. ದಿಕ್ಸೂಚಿಯ ಮುಳ್ಳು ಉತ್ತರ ಬಿಟ್ಟು ಹಂಚಿನ ಕಡೆ ತಿರುಗಿ ನಿಲ್ಲುತ್ತದೆ. ಹಡಗು ಇಡೀ ದಿನ ಸಮುದ್ರದಲ್ಲಿ ಸುತ್ತು ಹೊಡೆಯುತ್ತದೆ. ಸಂಜೆ ದಡ ಕಂಡಿತೆಂದು ಕ್ಯಾಪ್ಟನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾನೆ. ದುರ್ಬೀನಿನಲ್ಲಿ ನೋಡಿದ ಚುಕ್ಕಾಣಿಯವರು, "ಸಾಹೇಬ್ರ, ಈ ದೇಶದ ಮಂದಿ ಥೇಟ್ ನಮ್ಮ ಹಂಗ ಅದಾರ" ಎನ್ನುತ್ತಾರೆ. ಬ್ಯಾಂಡು ಬಾರಿಸುತ್ತ ಇಳಿದರೆ ಧಕ್ಕೆಯ ಚಹಾದವನು ಎದುರು ಬಂದು ಕೇಳುತ್ತಾನೆ: "ಏನ್ರೀ ಸಾಹೇಬ್ರ, ಮುಂಜಾನೆ ಇಲ್ಲೇ ಚಾ ಕುಡದ ಹೋದ್ರಿ, ಮತ್ತ ಬಂದ್ರ್ಯಾ?"

ಮೊಮ್ಮಗಳು ಸೋಫಾದಿಂದ ಜಾರಿ ಕೆಳಗೆ ಬಿದ್ದು ನಕ್ಕಳು. ಆಮೇಲೆ ಎದ್ದು ಕೂತು, "ಅಜ್ಜಿ, ವೇಟ್. ಇಂಗ್ಲೆಂಡ್ ಹಡಗಲ್ಲಿ ರೊಟ್ಟಿ ಹಂಚು ಯಾಕಿತ್ತು?" ಎಂದಳು.

ನಲವತ್ತು ವರ್ಷಕ್ಕೂ ಮಿಕ್ಕಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಲ್ಯಾಬಿನಿಂದ ಬಂದ ಮಗಳು ಕೈ ತೊಳೆಯುತ್ತ ನಿಂತಲ್ಲೇ ನಕ್ಕಳು. "ಅವ್ವಾ, ಅಪ್ಪಾಗ ಅಷ್ಟ ಇಂಗ್ಲಿಷ್ ಎಲ್ಲಿ ಬರ್ತಿತ್ತಬೇ? ಯಾವಾಗ ಮಂದಿ ನಗತಾರ ಅಂತ ನೋಡಿ ತಾನೂ ನಗತಿದ್ದ. ಕಥಿ ಎಲ್ಲಾ ಅವಂದs."

"ಹಂಗೆಲ್ಲಾ ಸುಳ್ಳ ಹೇಳೂ ಮನಷ್ಯಾ ಅಲ್ಲವರು" ಎಂದೆ. ಅಂದವಳಿಗೇ ಅನುಮಾನ ಬಂತು. ಆ ಕ್ಯಾಪ್ಟನ್ ಥೇಟು ನಮ್ಮ ಸಾಲಿನ ಕೊನೆಮನೆಯವರ ಹಾಗೆ ಕೆಮ್ಮಿ ಮಾತು ಶುರು ಮಾಡುತ್ತಿದ್ದದ್ದು ನೆನಪಾಯಿತು. ಎರಡು ದಿನ ನನಗೆ ಮೋಸ ಹೋದಂತೆ ಬೇಜಾರಿತ್ತು. ಮೂರನೆಯ ದಿನ ಬೇರೆಯದೇ ಯೋಚನೆ ಹತ್ತಿತು. ಇಂಗ್ಲೆಂಡಿನ ಹಡಗು ಎಲ್ಲೂ ಹೋಗಿಲ್ಲ, ಗುಂಡಿ ಒತ್ತಿದರೆ ಬರುತ್ತದೆ. ಇವರ ಹಡಗು ಯಾವ ರೇಡಿಯೋದಲ್ಲೂ ಇಲ್ಲ. ಅದನ್ನು ಕೇಳಿದವಳು ನಾನೊಬ್ಬಳು. ಇದೇ ದೇಶದ ಸುವಾನಿ ಎಂಬ ಊರಿನಲ್ಲಿರುವ ನನ್ನ ಮಗನ ಮಗನಿಗೆ ಆಗ ಆರು ವರ್ಷ, ಅವನಿಗೆ ಅಜ್ಜನ ಮುಖ ಫೋಟೋದಲ್ಲಷ್ಟೇ ಗೊತ್ತು. ನಾನು ಬಾಯಿ ಬಿಡದಿದ್ದರೆ ಆ ಹಡಗು ನನ್ನ ಜೊತೆಗೇ ಮುಳುಗುತ್ತದೆ.

ಆ ವರ್ಷ ಇಲ್ಲಿಯ ಕನ್ನಡದವರ ರಾಜ್ಯೋತ್ಸವ ಕಂಪ್ಯೂಟರಿನಲ್ಲೇ ನಡೆಯುವುದಿತ್ತು. ಮಕ್ಕಳ ಕಾರ್ಯಕ್ರಮಕ್ಕೆ ಹತ್ತು ಹತ್ತು ನಿಮಿಷ. ಮೊಮ್ಮಗಳು ನನ್ನನ್ನು ಕೇಳದೆಯೇ "ರೇಡಿಯೋ ನಾಟಕ, ಅಜ್ಜಿ ಮತ್ತು ನಾನು" ಎಂದು ಹೆಸರು ಕೊಟ್ಟುಬಿಟ್ಟಳು. ಅವಳು ಕ್ಯಾಪ್ಟನ್. ಚಹಾದವನ ಒಂದು ಸಾಲು ಸುವಾನಿಯವನಿಗೆ. ಕಥೆ ಹೇಳುವವಳು ನಾನು.

"ನನ್ನ ಕಡಿಂದ ಆಗೂದಿಲ್ಲವ್ವಾ. ನಾಲ್ಕ ಮಂದಿ ಮುಂದ ನಾ ಮಾತಾಡಿದಾಕಿ ಅಲ್ಲ."

"ಯಾರೂ ಇರಲ್ಲ ಅಜ್ಜಿ. ಫೋನ್ ಮಾತ್ರ. ರೆಕಾರ್ಡ್ ಮಾಡಿ ಕಳಿಸ್ತೀವಿ."

ಹಾಲಿನಲ್ಲಿ ಕೂತು ರೆಕಾರ್ಡ್ ಮಾಡಿದೆವು. ಮೊಮ್ಮಗಳು ಮೊರದಲ್ಲಿ ಅಕ್ಕಿ ಕೇರಿ ಸಮುದ್ರದ ಸದ್ದು ತೆಗೆದಳು. ನಾನು ಬೆವತರೂ ಕಥೆಯನ್ನು ಕೊನೆಯವರೆಗೆ ಹೇಳಿದೆ. ನನಗೇ ನಂಬಿಕೆ ಬರಲಿಲ್ಲ. ಹೇಗಿದೆ ಕೇಳು ಎಂದು ಸುವಾನಿಗೆ ಕಳಿಸಿದೆವು. ಸ್ವಲ್ಪ ಹೊತ್ತಿಗೆ ಅವನ ವಿಡಿಯೋ ಕರೆ ಬಂತು.

"ಅಜ್ಜಿ, ಗುಡ್ ಇದೆ. ಬಟ್ ಕ್ಯಾಪ್ಟನ್ ಯಾಕೆ ಹಂಚು ತಂದ?"

"ಕ್ಯಾಪ್ಟನ್ ಅಲ್ಲೋ. ಹಂಚ ತಂದವರು ಅವರು."

"ಅವರು ಅಂದ್ರೆ ಹೂ? ಯಾರು?"

"ಅವರs" ಎಂದು ಗೋಡೆಯ ಫೋಟೋದ ಕಡೆ ತಲೆ ತಿರುಗಿಸಿದೆ.

ಪಕ್ಕದಲ್ಲಿದ್ದ ಮೊಮ್ಮಗಳು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಅಜ್ಜೀ! ರೆಕಾರ್ಡ್ ಮಾಡುವಾಗ್ಲೂ ನೀನು ಅಜ್ಜನ ಫೋಟೋ ಪಾಯಿಂಟ್ ಮಾಡ್ತಿದ್ಯಾ? ಇದು ರೇಡಿಯೋ! ರೇಡಿಯೋಗೆ ಕಣ್ಣಿಲ್ಲ!"

ಮತ್ತೆ ಹಾಕಿ ಕೇಳಿದೆವು. ನನ್ನ ಕಥೆಯಲ್ಲಿ ಕ್ಯಾಪ್ಟನ್ನೂ ಅವರು, ಮೇಲಧಿಕಾರಿಯೂ ಅವರು, ಚುಕ್ಕಾಣಿ ಹಿಡಿದವರೂ ಅವರು. ಒಬ್ಬ ಅವರು ಇನ್ನೊಬ್ಬ ಅವರಿಗೆ ಬೈಯುತ್ತಿದ್ದಾರೆ. ಹಡಗನ್ನು ಯಾರು ದಾರಿ ತಪ್ಪಿಸಿದರು ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ನಳದ ಹೆಂಗಸರಿಗೆ ಗೊತ್ತಾಗುತ್ತಿತ್ತು, ಅವರು ನನ್ನ ಮುಖ ನೋಡುತ್ತಿದ್ದರು.

"ಹೆಸರು ಹೇಳು ಅಜ್ಜಿ, ಅಷ್ಟೇ. ಸಿಂಪಲ್."

ಸಿಂಪಲ್ ಅಲ್ಲ ಎಂದು ಅವಳಿಗೆ ಹೇಗೆ ಹೇಳಲಿ. ಅವಳಮ್ಮ ಅವಳಪ್ಪನನ್ನು ಹೆಸರು ಹಿಡಿದೇ ಕೂಗುತ್ತಾಳೆ, ಅದು ತಪ್ಪೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ನನ್ನ ನಾಲಿಗೆ ಬೇರೆ ಕಾಲದ್ದು. ಬೇರೆ ಹೆಸರು ಇಟ್ಟು ನೋಡಿದೆವು. ಯಾರೋ ಅಪರಿಚಿತ ಗಂಡಸು ನನ್ನ ಹಂಚನ್ನು ಹೊತ್ತುಕೊಂಡು ಹೋದ ಹಾಗಾಯಿತು. ನನ್ನ ದನಿಯೇ ಸತ್ತುಹೋಯಿತು. ಎರಡು ಸಲ, ಮೂರು ಸಲ. ಶನಿವಾರ ಮಧ್ಯಾಹ್ನದೊಳಗೆ ಕಳಿಸಬೇಕಿತ್ತು. ಶುಕ್ರವಾರ ಮೊಮ್ಮಗಳು ನನ್ನ ಹತ್ತಿರ ಬಂದು, "ಇಟ್ಸ್ ಓಕೆ ಅಜ್ಜಿ. ನಾನು ಡ್ಯಾನ್ಸ್ ಮಾಡ್ತೀನಿ, ಹೋದ ವರ್ಷದ್ದೇ" ಎಂದಳು. ಸಿಟ್ಟಿನಿಂದ ಅಂದಿದ್ದರೆ ಸಹಿಸಬಹುದಿತ್ತು. ಪ್ರೀತಿಯಿಂದ ಅಂದಳು. ಹಡಗು ಸದ್ದಿಲ್ಲದೆ ಮುಳುಗತೊಡಗಿತ್ತು.

ಶನಿವಾರ ಬೆಳಿಗ್ಗೆ ಜೋಳದ ಹಿಟ್ಟು ನಾದಿಕೊಂಡು ರೊಟ್ಟಿಗೆ ನಿಂತೆ. ಇಲ್ಲಿಯ ಒಲೆಯ ಮೇಲೆ ರೊಟ್ಟಿ ಬೇಯಿಸುವುದೆಂದರೆ ಮೊದಲು ಕಿಟಕಿ ತೆಗೆಯಬೇಕು, ಫ್ಯಾನು ಹಾಕಬೇಕು, ಇಲ್ಲದಿದ್ದರೆ ಸೂರಿನಲ್ಲಿರುವ ಸ್ಮೋಕ್ ಅಲಾರಂ ಮನೆ ಎದ್ದುಹೋಗುವ ಹಾಗೆ ಕಿರುಚುತ್ತದೆ. ಅವತ್ತು ಎರಡೂ ಮರೆತಿದ್ದೆ. ಎರಡೂ ಅಂಗೈಯಿಂದ ರೊಟ್ಟಿ ಬಡಿಯುತ್ತಿದ್ದೆ. ಟಪಟಪ ಟಪಟಪ. ಮುಂಬೈಯಲ್ಲಿ ಈ ಸದ್ದು ಶುರುವಾದರೆ ಅವರು ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಅವರ ಕಥೆ, ನನ್ನ ರೊಟ್ಟಿ, ಎರಡರ ಓಟವೂ ಒಂದೇ. ನನಗೆ ಗೊತ್ತಿಲ್ಲದೆ ಆ ಓಟಕ್ಕೆ ಸಾಲು ಹೊಂದಿಕೊಳ್ಳತೊಡಗಿತು. ಒಂದು ಬಂತು, ಎರಡು ಬಂತು. ಒಡಪು ಕೇಳುವುದು ಮುತ್ತೈದೆಯರನ್ನು ಮಾತ್ರ. ಅವರು ಹೋದ ಮೇಲೆ ನನ್ನನ್ನು ಯಾರೂ ಕೇಳಿರಲಿಲ್ಲ, ಇನ್ನು ಕೇಳುವವರೂ ಇರಲಿಲ್ಲ. ಹಾಗಾದರೆ ತಡೆಯುವವರಾದರೂ ಯಾರು ಎನಿಸಿತು.

"ಫೋನ ತಗೊಂಡ ಬಾ ಇಲ್ಲೆ" ಎಂದು ಕೂಗಿದೆ. ನಾನು ಆ ಮನೆಯಲ್ಲಿ ಕೂಗಿದ್ದು ಅದೇ ಮೊದಲು. ಮೊಮ್ಮಗಳು ಏನೋ ಆಯಿತೆಂದು ಓಡಿಬಂದಳು. ಹಿಟ್ಟಿನ ಕೈಯಿಂದಲೇ ಹಲಗೆಯ ಪಕ್ಕ ತೋರಿಸಿದೆ. ಅವಳು ಫೋನ್ ಇಟ್ಟಳು. ಗುಂಡಿ ಒತ್ತಿದಳು.

ನಾನು ಫೋಟೋ ನೋಡಲಿಲ್ಲ, ಅದು ಹಾಲಿನಲ್ಲಿತ್ತು. ರೊಟ್ಟಿಯನ್ನೇ ನೋಡುತ್ತ, ಬಡಿಯುತ್ತ, ಹಡಗು ಹೊರಡಿಸಿದೆ. ಚುಕ್ಕಾಣಿ ಹಿಡಿದವರು ಯಾರೆಂದು ಹೇಳುವ ಜಾಗ ಬಂದಾಗ ಕೈ ನಿಲ್ಲಿಸಲಿಲ್ಲ.

ಉಪ್ಪುನೀರ ಕಡಲಾಗ ತೆರಿ ಮ್ಯಾಲ ತೆರಿ,
ಹಂಚಿನ ಬೆನ್ನ ಹತ್ತಿ ತಪ್ಪೀತು ದಾರಿ,
ದಾರಿ ತಪ್ಪಿದ್ರೂ ಮನಿಗೇ ಬಂದವರು ಯಾರಂದ್ರ, ಕೇಳ್ರಿ...

ಹೆಸರು ಬಂತು. ನನ್ನ ದನಿಯಲ್ಲಿ, ಪೂರ್ತಿ, ಮನೆತನದ ಹೆಸರಿನ ಸಮೇತ. ಅದೇ ಹೊತ್ತಿಗೆ ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ಎದ್ದು ಅಲಾರಂ ಹೊಡೆಯಿತು. ಅಳಿಯ ಬೇಸ್‌ಮೆಂಟಿನಿಂದ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡೇ ಮೇಲೆ ಓಡಿಬಂದು, ಸ್ಟೂಲು ಹತ್ತಿ ಟವೆಲ್ ಬೀಸತೊಡಗಿದರು. "ಸ್ಟಾಪ್ ಮಾಡ್ಬೇಡಿ ಡ್ಯಾಡಿ, ಅದು ಹಡಗಿನ ಸೈರನ್!" ಎಂದು ಮೊಮ್ಮಗಳು ಕುಣಿದಾಡುತ್ತಿದ್ದಳು. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ. "ಅಪ್ಪ ಇರಬೇಕಿತ್ತಬೇ" ಎಂದಳು. "ಇದ್ದಿದ್ರ ನಾ ಹೇಳತಿದ್ನೇನ" ಎಂದೆ. ಇಬ್ಬರೂ ಕಣ್ಣೊರೆಸಿಕೊಂಡು ನಕ್ಕೆವು. ಹೊಗೆಯಿಂದ ಎಂದು ಇಬ್ಬರೂ ಹೇಳಿದೆವು.

ಕಾರ್ಯಕ್ರಮದ ದಿನ ಪರದೆಯ ತುಂಬ ಸಣ್ಣ ಸಣ್ಣ ಚೌಕಗಳಲ್ಲಿ ಮನೆಗಳು. ಎಲ್ಲರೂ ಮ್ಯೂಟ್. ನಮ್ಮ ನಾಟಕ ಹಾಕಿದರು. ನಗಬೇಕಾದ ಜಾಗ ಬಂತು, ಹೋಯಿತು. ಒಂದು ಸದ್ದಿಲ್ಲ. ಲಂಡನ್ನಿನ ಆ ಜೋರು ನಗುವಿನ ಅಭ್ಯಾಸ ನನಗೆ. ಯಾರಿಗೂ ರುಚಿಸಲಿಲ್ಲ ಎಂದುಕೊಂಡು ಕುರ್ಚಿಯನ್ನು ಹಿಂದೆ ಸರಿಸಿ ಪರದೆಯಿಂದ ಆಚೆಯಾದೆ. ಚಹಾದವನು ತನ್ನ ಸಾಲು ಹೇಳಿದ. ಆಗ ಎಲ್ಲಿಂದಲೋ ಒಂದು ನಗು ಕೇಳಿತು. ಬಿಕ್ಕಳಿಕೆ ಬರುವಂಥ ನಗು. ಸುವಾನಿಯವನು ಮ್ಯೂಟ್ ಮಾಡುವುದನ್ನು ಮರೆತು ತನ್ನ ಮಾತಿಗೆ ತಾನೇ ನಗುತ್ತಿದ್ದ. "ಅಜ್ಜ ಮತ್ತೆ ಸೇಮ್ ಪ್ಲೇಸ್‌ಗೆ ಬಂದ್ಬಿಟ್ರು!" ಎಂದು ಅವರಮ್ಮನಿಗೆ ಹೇಳುವುದು ನೂರು ಮನೆಗಳಿಗೆ ಕೇಳಿಸಿತು. ಅಜ್ಜ ಎಂದಿದ್ದ. ಹಂಚು ತಂದವರು ಯಾರೆಂದು ಈ ಸಲ ಅವನಿಗೆ ಅನುಮಾನ ಇರಲಿಲ್ಲ.

ಮುಗಿದ ಮೇಲೆ ಹತ್ತಿರದ ಶ್ಯಾಂಟಿಲಿ ಊರಿನ ಒಬ್ಬ ಹೆಂಗಸು, ನನ್ನ ವಯಸ್ಸಿನವರೇ, ಮಾತು ನಮ್ಮ ಕಡೆಯದು, ಮ್ಯೂಟ್ ತೆಗೆಸಿಕೊಂಡು ಕೇಳಿದರು. "ಅಕ್ಕಾರ, ಆ ಒಡಪು ಇನ್ನೊಮ್ಮೆ ಹೇಳ್ರೆಲಾ. ನಾನೂ ನಮ್ಮವರ ಹೆಸರ ಹಾಕಿ ಕಲ್ಕೋತೀನಿ." ಮೊಮ್ಮಗಳು ನನ್ನ ಕುರ್ಚಿಯನ್ನು ಮುಂದಕ್ಕೆ ಎಳೆದಳು. ರೊಟ್ಟಿ ಇರಲಿಲ್ಲ, ಮೇಜಿನ ಮೇಲೆ ಅಂಗೈ ಬಡಿದುಕೊಂಡು ಹೇಳಿದೆ.

ಆಮೇಲೆ ನಾನು ಊರಿಗೆ ಹೋದೆ, ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ನೆನಪಿದ್ದ ಕಥೆಗಳನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸಿದೆ. ಮೊಮ್ಮಗಳು ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟಿದ್ದಾಳೆ. ಹಿಂದೆ ಟಪಟಪ ಸದ್ದು ಇದ್ದೇ ಇರುತ್ತದೆ, ಕೈ ಸುಮ್ಮನಿದ್ದರೆ ಬಾಯಿ ಇವತ್ತಿಗೂ ಏಳುವುದಿಲ್ಲ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ನಾವೂ ಸುವಾನಿಯವರೂ ನಡುವೆ ನಾರ್ತ್ ಕ್ಯಾರೊಲೈನಾದ ಕಡಲ ಹತ್ತಿರ ಸೇರಿದ್ದೆವು. ಅಲ್ಲಿ ನದಿಯಲ್ಲಿ ಒಂದು ಹಳೆಯ ಯುದ್ಧನೌಕೆಯನ್ನು ಜನ ನೋಡಲೆಂದು ಕಟ್ಟಿ ಇಟ್ಟಿದ್ದಾರೆ. ನಾನು ಮೊದಲು ಅದರ ಅಡುಗೆಮನೆ ನೋಡಿದೆ. ಆಮೇಲೆ ಮೇಲೆ ಹೋದರೆ ಸುವಾನಿಯವನು ಚುಕ್ಕಾಣಿಯ ಮುಂದೆ ನಿಂತು, ಗುರುತಿಲ್ಲದ ಇಬ್ಬರು ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದ. ಅಜ್ಜನ ಹೆಸರು ನಡುನಡುವೆ ಕೇಳಿಸುತ್ತಿತ್ತು. ನನ್ನನ್ನು ಕಂಡು ಕನ್ನಡಕ್ಕೆ ತಿರುಗಿದ. ಚುಕ್ಕಾಣಿಯವರು ಹೆಂಡತಿಯ ಹಸಿರು ಸೀರೆಯನ್ನು ಒಣಗಲಿ ಎಂದು ಹಡಗಿನ ಕಂಬಕ್ಕೆ ಕಟ್ಟಿದರಂತೆ. ಅದು ಯಾವುದೋ ಗುಟ್ಟಿನ ಬಾವುಟ ಎಂದುಕೊಂಡು ಹತ್ತು ದೇಶದ ಹಡಗುಗಳು ಹಿಂದೆ ಬಂದವಂತೆ. ಸೀರೆ ಒಣಗಿ ಇಳಿಸಿದ ಕೂಡಲೇ ಅಷ್ಟೂ ಹಡಗು ದಿಕ್ಕು ಕಾಣದೆ ಒಂದಕ್ಕೊಂದು ಗುದ್ದಿದವಂತೆ.

ಈ ಕಥೆಯನ್ನು ನಾನು ಕೇಳಿರಲೇ ಇಲ್ಲ. ಮೊಮ್ಮಗಳ ಕಡೆ ನೋಡಿದೆ. ಅವಳು ತುಟಿ ಕಚ್ಚಿ ನಗು ತಡೆದುಕೊಂಡು ಭುಜ ಹಾರಿಸಿದಳು.

"ಇದು ಅಜ್ಜ ಹೇಳಿದ್ದೇ ಅಲ್ವಾ, ಅಜ್ಜಿ?" ಅವನ ಮುಖ ಗಂಭೀರವಾಗಿತ್ತು. ಆ ಗಂಭೀರ ನನಗೆ ಗೊತ್ತು.

"ಹೂಂ, ಅವರದs" ಎಂದೆ.

"ಅವರು ಅಂದ್ರೆ ಯಾರು?"

ಸುತ್ತ ಜನ ಇದ್ದರು. ಕೈಯಲ್ಲಿ ಹಿಟ್ಟಿರಲಿಲ್ಲ, ಬಾಯಲ್ಲಿ ಒಡಪಿರಲಿಲ್ಲ. ಹೆಸರು ಹೇಳಿದೆ.

"ಕರೆಕ್ಟ್" ಎಂದು ತಲೆಯಾಡಿಸಿ ಅವನು ಮತ್ತೆ ಚುಕ್ಕಾಣಿ ಹಿಡಿದ. "ಆಮೇಲೆ ಏನಾಯ್ತು ಅಂದ್ರೆ..."